ಫಿಲ್ಟರಿಗಿಂತ ಮೊದಲು ಬೆಳಕು

ಸ್ನೇಹಿತರೇ, ಇಲ್ಲಿ ಕುಳಿತಿರುವವರೆಲ್ಲರೂ ಮೊಬೈಲಿನಲ್ಲಿ ಚಿತ್ರ ತೆಗೆಯುವವರೇ ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಳೆಯ ಫಿಲ್ಮಿನ ಛಾಯೆ ಬೇಕೆಂದು ಬಯಸುವ ನಾವು ಚಿತ್ರ ತೆಗೆದಾದ ಮೇಲೆ ಫಿಲ್ಟರುಗಳನ್ನು ಒಂದೊಂದಾಗಿ ಹಾಕಿ ನೋಡುತ್ತೇವೆ. ಆದರೆ ಆ ಛಾಯೆಯ ಬಹುಪಾಲು ಗುಂಡಿ ಒತ್ತುವ ಮೊದಲೇ ಬೆಳಕಿನಲ್ಲಿ ಇರಬೇಕಾಗುತ್ತದೆ.

ಹಗಲು ಬೆಳಕಿನ ಫಿಲ್ಮನ್ನು ಸುಮಾರು 5500 ಕೆಲ್ವಿನ್ ವರ್ಣತಾಪಕ್ಕೆ (ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಎಂಬುದರ ಅಳತೆ) ಹೊಂದಿಸಿ ತಯಾರಿಸುತ್ತಿದ್ದರು. ಆದ್ದರಿಂದ ಅದೇ ಸುರುಳಿಯಲ್ಲಿ ರಾತ್ರಿ ಹಳೆಯ ಬಲ್ಬಿನ ಕೆಳಗೆ ತೆಗೆದ ಕೋಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಮೊಬೈಲಾದರೋ ಬಿಳಿಯ ಸಮತೋಲನವನ್ನು (ವೈಟ್ ಬ್ಯಾಲೆನ್ಸ್) ತಾನೇ ಸರಿಪಡಿಸಿ ಸಂಜೆಯ ಬಣ್ಣವನ್ನು ಬಹುಮಟ್ಟಿಗೆ ತೊಳೆದುಬಿಡುತ್ತದೆ; ಅದನ್ನೇ ನಾವು ಆಮೇಲೆ ಫಿಲ್ಟರ್ ಹಾಕಿ ಬಳಿಯುತ್ತೇವೆ! ಕೈಯಿಂದ ಹೊಂದಿಸುವ ಆ್ಯಪಿನಲ್ಲಿ ಆ ಸಮತೋಲನವನ್ನು 5500ಕ್ಕೆ ನಿಲ್ಲಿಸಿ ನೋಡಿ, ಬಳಿಯುವ ಅಗತ್ಯವೇ ಬೀಳದಿರಬಹುದು.

ಫಿಲ್ಮಿನ ಚಿತ್ರಗಳಲ್ಲಿ ಉರಿಯುವ ದೀಪದ ಸುತ್ತಲಿನ ಕೆಂಪು ಪ್ರಭೆಗೂ ಕಾರಣವಿದೆ. ತೀಕ್ಷ್ಣವಾದ ಬೆಳಕು ಫಿಲ್ಮಿನ ಪದರಗಳನ್ನು ದಾಟಿ, ಹಿಂಬದಿಗೆ ಬಡಿದು ಮರಳಿ, ಎಲ್ಲಕ್ಕಿಂತ ಕೆಳಗಿರುವ ಕೆಂಪಿನ ಪದರವನ್ನು ಇನ್ನೊಮ್ಮೆ ತಾಗುತ್ತದೆ. ತಯಾರಕರು ಇದನ್ನು ದೋಷವೆಂದು ತಿಳಿದು ತಡೆಯುವ ಲೇಪ ಹಾಕುತ್ತಿದ್ದರು. ತೀಕ್ಷ್ಣವಾದ ಬೆಳಕಿನಿಂದಲೇ ಅದು ಹುಟ್ಟುವುದರಿಂದ, ದೀಪವೇ ಇಲ್ಲದ ಮಧ್ಯಾಹ್ನದ ಗೋಡೆಗೆ ಆ ಪ್ರಭೆಯನ್ನು ಹಚ್ಚಿದರೆ ಕಣ್ಣು ನಂಬುವುದಿಲ್ಲ. ಮತ್ತೆ ಅದೇ ಮಾತು: ಮೊದಲು ಬೆಳಕು, ಆಮೇಲೆ ಫಿಲ್ಟರ್. (ಅದಕ್ಕೂ ಮೊದಲು ಲೆನ್ಸ್ ಒರೆಸಿಕೊಳ್ಳಿ, ಬೆರಳಿನ ಎಣ್ಣೆಯ ಮಬ್ಬನ್ನು ಫಿಲ್ಮಿನ ಸೊಬಗೆಂದು ಹೊಗಳುವವರನ್ನು ಬಹಳ ಕಂಡಿದ್ದೇನೆ.)

ಒಂದು ಅನುಭವವನ್ನು ಹೇಳಲೇಬೇಕು. ಹಳೆಯ ಸುರುಳಿಯಲ್ಲಿದ್ದಂತೆ ತಿಂಗಳಿಗೆ 36 ಚಿತ್ರಗಳನ್ನಷ್ಟೇ ತೆಗೆಯುವುದು, ತಿಂಗಳು ಮುಗಿಯುವವರೆಗೆ ಒಂದನ್ನೂ ತೆರೆದು ನೋಡದಿರುವುದು ಎಂದು ಒಮ್ಮೆ ನಿಶ್ಚಯಿಸಿದೆ. ಮೊದಲ ದಿನವೇ ಕಿಟಕಿಯ ಪರದೆಗೆ ಒಂಬತ್ತು ಖರ್ಚಾದವು. ಕೊನೆಗೆ ನಾಲ್ಕು ಉಳಿದಿದ್ದಾಗ, ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಲೋಟವನ್ನು ಹಾದ ಬಿಸಿಲು ಗೋಡೆಯ ಮೇಲೆ ಅಂಗೈಯಗಲದ ನಡುಗುವ ಬೆಳಕಾಗಿ ಬಿದ್ದಿತ್ತು. ಅದರ ಅತ್ಯಂತ ಹೊಳೆಯುವ ಜಾಗವನ್ನು ಮೊಬೈಲಿನ ಪರದೆಯ ಮೇಲೆ ಒತ್ತಿ ಹಿಡಿದು, ಎಕ್ಸ್‌ಪೋಷರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, ಇಳಿಸಿ ಕಾದೆ. ಮೊಬೈಲಿನಲ್ಲಿ ಪೂರ್ತಿ ಬೆಳ್ಳಗಾದ ಭಾಗದ ವಿವರ ಮರಳಿ ಬರುವುದಿಲ್ಲ, ನೆಗೆಟಿವ್ ಫಿಲ್ಮಿನಷ್ಟು ಸಹನೆ ಅದಕ್ಕಿಲ್ಲ. ಕಾಯುತ್ತಿದ್ದಂತೆ ಆ ಬೆಳಕು ನಿಧಾನವಾಗಿ ಗೋಡೆಯ ಬಿರುಕಿನತ್ತ ಸರಿಯಿತು. ಅಷ್ಟರಲ್ಲಿ ಅಪ್ಪನ ಕೈ ಬಂದು ಲೋಟವನ್ನು ಎತ್ತಿಕೊಂಡಿತು. ನಾನು ಒಮ್ಮೆ ಮಾತ್ರ ಒತ್ತಿದೆ. ತಿಂಗಳ ಕೊನೆಗೆ ನೋಡಿದರೆ ಬೆರಳುಗಳು ಅಲುಗಿವೆ, ಮಣಿಕಟ್ಟು ಅರ್ಧಕ್ಕೆ ಕತ್ತರಿಸಿದೆ. ಅಂದೇ ನೋಡಿದ್ದರೆ ಖಂಡಿತ ಅಳಿಸಿಬಿಡುತ್ತಿದ್ದೆ.

ನ್ಯೂಯಾರ್ಕಿನಲ್ಲಿ ಮಂಜು ಕವಿದ ಗಾಜಿನಾಚೆಯಿಂದ ಬೀದಿಯನ್ನು ಬಣ್ಣದಲ್ಲಿ ಹಿಡಿದ ಛಾಯಾಗ್ರಾಹಕ ಸೋಲ್ ಲೈಟರ್ ಅವರ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಆದರೆ ಸಮಯವಾಯಿತೆಂದು ಚೀಟಿ ಬಂದಿದೆ. ಫಿಲ್ಮಿನ ಚಿತ್ರದಲ್ಲಿ ಕಾಣುವ ಸಣ್ಣ ಕಣಗಳ (ಗ್ರೇನ್) ಬಗ್ಗೆ ಒಂದೇ ಮಾತು: ಅವು ಬೆಳ್ಳಿಯ ಲವಣದ ಹರಳುಗಳಿಂದ ಹುಟ್ಟಿದವು, ಆದ್ದರಿಂದ ಮಧ್ಯಮ ಛಾಯೆಗಳಲ್ಲಿ ಹೆಚ್ಚು ಕಾಣಲಿ, ಅಚ್ಚ ಬಿಳುಪಿನಲ್ಲಿ ಬೇಡ. ಕಪ್ಪು ಬಿಳುಪಿನ ವಿಷಯ ಇನ್ನೊಮ್ಮೆ.

ಅಪ್ಪನ ಕೈಯ ಆ ಚಿತ್ರವನ್ನು ಮುದ್ರಿಸಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ, ಹತ್ತಿರದಿಂದ ನೋಡಿ. ನಮಸ್ಕಾರ.