ಕೊಡಗಿನ ಮಳೆ, ಮಂಜು ಮತ್ತು ವೈಫೈ ಕ್ಯಾಮೆರಾ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ, ತೋಟಕ್ಕೆ ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ನಾಪೋಕ್ಲು, ಹೀಗೆ ಓಡಾಡುತ್ತಲೇ ಇರುತ್ತೇನೆ. ಮೊದಲೆಲ್ಲ ಕ್ಯಾಮೆರಾ ಎಂದರೆ ಬ್ಯಾಂಕು, ಚಿನ್ನದ ಅಂಗಡಿ, ಪೆಟ್ರೋಲ್ ಬಂಕು ಅಷ್ಟೇ. ಈಗ ಕೋವಿ ಇರುವ ಮನೆಯವರೂ ಕರೆದು, "ಒಂದು ವೈಫೈ ಕ್ಯಾಮೆರಾ ಹಾಕಿಬಿಡಪ್ಪ" ಎನ್ನುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ. ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಪಕ್ಕದ ಮನೆ ಎಂದರೆ ತೋಟ ದಾಟಿ ಹೋಗಬೇಕು. ಅದರ ಮೇಲೆ ಕಾಫಿಗೆ, ಕರಿಮೆಣಸಿಗೆ ಒಳ್ಳೆಯ ಬೆಲೆ ಬಂತು ಅಂದರೆ ಕಣದ ಮೇಲೆ ಕಂಡವರ ಕಣ್ಣು.

ಎರಡು ಮೂರು ಸಾವಿರ ರೂಪಾಯಿಗೆ ಕ್ಯಾಮೆರಾ ಸಿಗುತ್ತದೆ. ಪ್ಲಗ್ ಚುಚ್ಚಿ, ಫೋನಿಗೆ ಆ್ಯಪ್ ಹಾಕಿ, ಅಷ್ಟೇ ಕೆಲಸ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಹಾಗೆ ಬರೆದವರು ಜುಲೈ ತಿಂಗಳಲ್ಲಿ ಭಾಗಮಂಡಲಕ್ಕೆ ಬಂದಿರಲಿಕ್ಕಿಲ್ಲ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಿಮಗೆ ಗೊತ್ತು. ಹಳೆಯ ಥರದ ಸಿಸ್ಟಮ್‌ನಲ್ಲಿ ಗೇಟಿನಿಂದ, ಕಣದಿಂದ, ಗೋದಾಮಿನಿಂದ ಉದ್ದುದ್ದ ಕೇಬಲ್ ಎಳೆದು ಮನೆಯೊಳಗಿನ ಡಿವಿಆರ್‌ಗೆ, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆಗೆ, ಸೇರಿಸುತ್ತೇವೆ. ಸಿಡಿಲು ಕ್ಯಾಮೆರಾಕ್ಕೇ ಹೊಡೆಯಬೇಕು ಅಂತೇನಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಸಾಕು, ಆ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಡಿವಿಆರ್ ಸುಟ್ಟುಹೋಗುತ್ತದೆ. ಒಂದು ಸಿಡಿಲಿಗೆ ಎಲ್ಲ ಕ್ಯಾಮೆರಾಗಳೂ ಕುರುಡು. ವೈಫೈ ಕ್ಯಾಮೆರಾದಲ್ಲಿ ಚಿತ್ರ ತರುವ ಆ ಉದ್ದ ತಂತಿಯೇ ಇಲ್ಲ. ಹೋದರೆ ಸಾಮಾನ್ಯವಾಗಿ ಒಂದು ಹೋಗುತ್ತದೆ, ಉಳಿದವು ಉಳಿಯುತ್ತವೆ. ಕೊಂಬೆ ಬಿದ್ದು ಕೇಬಲ್ ತುಂಡಾಗುವುದು, ಇಲಿ ಕಡಿಯುವುದು, ಈ ರಗಳೆಯೂ ಇಲ್ಲ. ನಮ್ಮ ಜಿಲ್ಲೆಗೆ ಇದು ಸಣ್ಣ ಅನುಕೂಲವಲ್ಲ.

ಇನ್ನು ಸಿಗ್ನಲ್ ವಿಷಯ. ವೈಫೈಯಲ್ಲಿ ಮುಖ್ಯವಾಗಿ ಎರಡು ಬ್ಯಾಂಡ್ ಬಳಕೆಯಲ್ಲಿವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5 ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಹಿಡಿಯುತ್ತದೆ. ಫೋನು 5ರಲ್ಲಿ ಕೂತಿರುತ್ತದೆ, ಕ್ಯಾಮೆರಾ 2.4 ಹುಡುಕುತ್ತಿರುತ್ತದೆ, ಆ್ಯಪ್ "ಕನೆಕ್ಟ್ ಆಗುತ್ತಿಲ್ಲ" ಎನ್ನುತ್ತದೆ. ಪಾಪ, ಜನ ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕೊಡುತ್ತಾರೆ. ರೂಟರ್ ಸೆಟ್ಟಿಂಗ್‌ನಲ್ಲಿ 5 ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಆನ್ ಮಾಡಿಕೊಳ್ಳಬಹುದು.

ನಮ್ಮ ಹಳೆಯ ಮನೆಗಳ ಗೋಡೆಯೋ, ಕಿಟಕಿ ಮೇಲೆ ಕುಳಿತುಕೊಳ್ಳುವಷ್ಟು ದಪ್ಪ. ರೂಟರ್ ಇರುವುದು ಟಿವಿ ಪಕ್ಕ, ಕ್ಯಾಮೆರಾ ಬೇಕಿರುವುದು ಗೇಟಿನಲ್ಲಿ. ನಡುವೆ ತಗಡಿನ ಶೆಡ್ ಬಂದರೆ ಕಥೆ ಮುಗಿಯಿತು. ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು ಇದ್ದರೂ ತೊಂದರೆಯೇ. ಎಲೆ ಒದ್ದೆಯಾದರೆ ಇನ್ನೂ ಜಾಸ್ತಿ, ಯಾಕೆಂದರೆ ನೀರು ಈ ತರಂಗವನ್ನು ಹೀರಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಗೇಟು ಜುಲೈಯಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಕ್ಯಾಮೆರಾ ಕೊಳ್ಳುವ ಮೊದಲೇ ಒಂದು ಕೆಲಸ ಮಾಡಿ. ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ 2.4 ವೈಫೈಗೆ ಸೇರಿ, ಕ್ಯಾಮೆರಾ ಹಾಕಬೇಕೆಂದಿರುವ ಜಾಗದಲ್ಲೇ ನಿಂತು ಯಾರಿಗಾದರೂ ವಿಡಿಯೋ ಕಾಲ್ ಮಾಡಿ. ಮುಖ ತುಂಡು ತುಂಡಾಗಿ ಬಂದರೆ ಅಲ್ಲಿ ಕ್ಯಾಮೆರಾ ನಡೆಯುವುದಿಲ್ಲ. ಮಳೆ ಬರುವಾಗ ಮಾಡಿದರೆ ಇನ್ನೂ ಒಳ್ಳೆಯದು, ಕೊಡೆ ಹಿಡಿದುಕೊಳ್ಳಿ.

ಚಿತ್ರ ಗಾಳಿಯಲ್ಲಿ ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಕ್ಯಾಮೆರಾಕ್ಕೆ ಪ್ಲಗ್ ಬೇಕು, ಇಲ್ಲವೇ ಬ್ಯಾಟರಿ ಬೇಕು. ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರುವುದು ನಾಳೆಯೋ ನಾಡಿದ್ದೋ. ಅದೇ ಕಂಬಕ್ಕೆ ಕಟ್ಟಿದ ಇಂಟರ್ನೆಟ್‌ನ ಫೈಬರ್ ಕೇಬಲ್ ಕೂಡ ಜೊತೆಗೇ ಹೋಗಿರುತ್ತದೆ. ರೂಟರ್‌ಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಕೆಲವು ಗಂಟೆ ತಡೆಯುತ್ತದೆ. ಸಣ್ಣಪುಟ್ಟ ಪವರ್ ಕಟ್‌ಗೆ ಅದು ಸಾಕು. ಆಗಸ್ಟ್ ತಿಂಗಳ ಗಾಳಿಮಳೆಗೆ ಸಾಲದು.

ಸೋಲಾರ್ ಕ್ಯಾಮೆರಾ ಹಾಕಿಬಿಡೋಣ ಅಲ್ವಾ, ಎಂದು ಕೇಳುತ್ತಾರೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ ಸೂರ್ಯನನ್ನು ಕಂಡವರು ಯಾರು? ಮರದ ನೆರಳಿನಲ್ಲಿರುವ ಅಂಗೈಯಗಲದ ಪ್ಯಾನಲ್ ಆ ನಾಲ್ಕು ತಿಂಗಳು ಹೆಸರಿಗೆ ಮಾತ್ರ. ಬ್ಯಾಟರಿ ಬಿಚ್ಚಿ ಒಳಗೆ ತಂದು ಚಾರ್ಜ್ ಮಾಡುವಂಥ ಮಾಡೆಲ್ ಆಗಿದ್ದರೆ ಪರವಾಗಿಲ್ಲ. ಏಣಿ ಹಾಕಿ ಇಡೀ ಕ್ಯಾಮೆರಾವನ್ನೇ ಇಳಿಸಬೇಕು ಎಂದಾದರೆ, ಪಾಚಿ ಹಿಡಿದ ಅಂಗಳದಲ್ಲಿ ಆ ಏಣಿ ಹತ್ತುವವರು ಯಾರು?

ಬ್ಯಾಟರಿ ಕ್ಯಾಮೆರಾದ ಇನ್ನೊಂದು ಗುಣ ಹೇಳಬೇಕು. ಅದು ನಿದ್ದೆ ಮಾಡುತ್ತಿರುತ್ತದೆ. ಎದುರಿಗೆ ಬಿಸಿ ಇರುವ ಮೈ ಅಲುಗಾಡಿದರೆ ಒಂದು ಸೆನ್ಸರ್ ಅದನ್ನು ಎಬ್ಬಿಸುತ್ತದೆ. ಎದ್ದು ರೆಕಾರ್ಡ್ ಶುರು ಮಾಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಕಳೆದಿರುತ್ತದೆ. ಹಾಗಾಗಿ ಬಂದವರ ಬೆನ್ನು, ನಾಯಿಯ ಬಾಲ, ಇಷ್ಟೇ ಸಿಗುತ್ತದೆ. ಆ ಸೆನ್ಸರ್‌ಗೆ ನೇರ ಎದುರಿನಿಂದ ಬರುವವರಿಗಿಂತ ಅಡ್ಡ ಹಾದುಹೋಗುವವರು ಬೇಗ ಗೊತ್ತಾಗುತ್ತಾರೆ. ದಾರಿಯ ಉದ್ದಕ್ಕೆ ನೋಡುವ ಹಾಗೆ ಇಡಬೇಡಿ, ದಾರಿಗೆ ಅಡ್ಡವಾಗಿ ನೋಡುವ ಹಾಗೆ ಇಡಿ. ಎತ್ತರವೂ ಅಷ್ಟೇ. ಮಾಡಿನ ತುದಿಗೆ ಹಾಕಿದರೆ ಕಾಣುವುದು ಟೋಪಿ ಮತ್ತು ಕೊಡೆ. ಏಳೆಂಟು ಅಡಿ ಸಾಕು, ಮುಖ ಸಿಗುತ್ತದೆ.

ಈಗ ರಾತ್ರಿಯ ಕಥೆ. ನನಗೆ ಹೆಚ್ಚು ಫೋನ್ ಬರುವುದು ಇದಕ್ಕೇ. "ರಾತ್ರಿಯೆಲ್ಲ ಫೋನು ಟಿಣ್ ಟಿಣ್ ಅಂತ ಹೊಡೆದುಕೊಳ್ಳುತ್ತೆ, ಯಾರೋ ಓಡಾಡ್ತಿದ್ದಾರೆ, ಬಂದು ನೋಡಿ." ಹೋಗಿ ವಿಡಿಯೋ ತೆಗೆದರೆ, ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹಗ್ಗದಷ್ಟು ದಪ್ಪದ ಬಿಳಿ ಗೆರೆ ಅಲುಗಾಡುತ್ತಿದೆ. ಜೇಡರ ಬಲೆ! ಕತ್ತಲಲ್ಲಿ ನೋಡಲು ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ನಮಗೆ ಅದು ಕಾಣುವುದಿಲ್ಲ, ಕೆಲವು ಕ್ಯಾಮೆರಾಗಳಲ್ಲಿ ಮಂದ ಕೆಂಪು ಚುಕ್ಕೆ ಕಾಣಬಹುದು ಅಷ್ಟೇ. ಕ್ಯಾಮೆರಾದ ಬಿಸಿಗೋ ಬೆಳಕಿಗೋ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸಿಗೆ ಎರಡು ಇಂಚು ಹತ್ತಿರದಲ್ಲಿರುವ ಎಳೆಯ ಮೇಲೆ ಆ ಬೆಳಕೆಲ್ಲ ಬಿದ್ದು ಹಿಂದಿನ ಅಂಗಳವೇ ಮಾಯ. ಗಾಳಿಗೆ ಎಳೆ ಅಲುಗಿದಾಗಲೆಲ್ಲ ಅಲರ್ಟ್. ಉದ್ದ ಕೋಲಿನ ಪೊರಕೆಯಲ್ಲಿ ವಾರಕ್ಕೊಮ್ಮೆ ಗುಡಿಸಿ. ಇದಕ್ಕಿಂತ ದೊಡ್ಡ ತಂತ್ರಜ್ಞಾನ ನನ್ನ ಹತ್ತಿರವೂ ಇಲ್ಲ.

ಮಂಜು ಬಂದರೂ ಹೀಗೆಯೇ. ಸಂಜೆ ಮಂಜು ಜಗಲಿವರೆಗೆ ಬರುವ ಊರು ನಮ್ಮದು. ಹನಿ ಹನಿಗೂ ಬೆಳಕು ಬಡಿದು ವಾಪಸ್ ಬರುತ್ತದೆ, ಪರದೆಯಲ್ಲಿ ಬರೀ ಬಿಳಿ. ಇದಕ್ಕೆ ಒಂದು ದಾರಿ ಇದೆ. ಸೆಟ್ಟಿಂಗ್‌ನಲ್ಲಿ ಕ್ಯಾಮೆರಾದ ಇನ್‌ಫ್ರಾರೆಡ್ ಆಫ್ ಮಾಡಿ, ಕ್ಯಾಮೆರಾದಿಂದ ದೂರದಲ್ಲಿ, ಒಂದು ಬದಿಗೆ, ಸಾಧಾರಣ ಎಲ್‌ಇಡಿ ಬಲ್ಬ್ ಉರಿಸಿ. ಬೆಳಕು ಲೆನ್ಸಿನ ಪಕ್ಕದಿಂದಲೇ ಹೊರಡದಿದ್ದರೆ ಚಿತ್ರ ತಕ್ಕಮಟ್ಟಿಗೆ ಸಿಗುತ್ತದೆ. ಪೂರ್ತಿ ದಟ್ಟ ಮಂಜಿಗೆ ಯಾವ ಉಪಾಯವೂ ಇಲ್ಲ. ಇನ್ನು ಕೆಲವರು ಕ್ಯಾಮೆರಾ ಒದ್ದೆಯಾಗದಿರಲಿ ಎಂದು ಕಿಟಕಿ ಗಾಜಿನ ಒಳಗಿಡುತ್ತಾರೆ. ಹಗಲು ಸರಿ. ರಾತ್ರಿ ಗಾಜಿಗೆ ಅದೇ ಬೆಳಕು ಹೊಡೆದು ಕ್ಯಾಮೆರಾ ತನ್ನ ಮುಖವನ್ನೇ ನೋಡಿಕೊಳ್ಳುತ್ತದೆ. ಗಾಡಿಯ ನಂಬರ್ ಪ್ಲೇಟ್ ಕೂಡ ಬೆಳಕನ್ನು ಹಾಗೇ ವಾಪಸ್ ಕಳಿಸುವಂಥದ್ದು. ರಾತ್ರಿ ಅದು ಬಿಳಿ ಚೌಕ, ನಂಬರ್ ಓದಲಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಯಾಕೆ ಹಾಕಬೇಕು? ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಣದಲ್ಲಿ ಒಣಗುವಾಗ ನೋಡಿ. ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ಬೆಳಗಿನವರೆಗೆ ಯಾರೂ ಅಲ್ಲಿಗೆ ಬರುವ ಕೆಲಸವೇ ಇಲ್ಲ. ಆ ಹೊತ್ತಿನಲ್ಲಿ ಬಂದ ಅಲರ್ಟ್‌ಗೆ ಬೆಲೆ ಇದೆ. ಮಳೆಯಿಲ್ಲ, ಮಂಜು ಕಮ್ಮಿ, ಕರೆಂಟ್ ಇರುತ್ತದೆ. ನಮ್ಮಲ್ಲಿ ಕ್ಯಾಮೆರಾ ಅತಿ ಚೆನ್ನಾಗಿ ನಡೆಯುವ ಕಾಲ ಮತ್ತು ಅದು ಅತಿ ಹೆಚ್ಚು ಬೇಕಾಗುವ ಕಾಲ ಒಂದೇ ಆಗಿರುವುದು ನಮ್ಮ ಪುಣ್ಯ.

ಆನೆ ವಿಷಯಕ್ಕೂ ಉಪಯೋಗ ಇದೆ. ಸಿದ್ದಾಪುರ, ಅಮ್ಮತ್ತಿ ಕಡೆ ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಮನೆ ಹಿಂದೆಯೇ ನಿಂತಿರುತ್ತದೆ. ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವ ಮೊದಲು ರಾತ್ರಿಯ ವಿಡಿಯೋ ಒಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಆದರೆ ಒಂದು ಮಾತು. ಕ್ಯಾಮೆರಾದಲ್ಲಿ ಆನೆ ಕಾಣಲಿಲ್ಲ ಎಂದರೆ ಆನೆ ಇಲ್ಲ ಎಂದು ಅರ್ಥವಲ್ಲ. ಕ್ಯಾಮೆರಾ ನೋಡುವುದು ಅಂಗಳದ ಒಂದು ತುಂಡು, ತೋಟ ಎಕರೆಗಟ್ಟಲೆ ಇದೆ. ಅಲರ್ಟ್ ಬಂತು ಎಂದು ಟಾರ್ಚ್ ಹಿಡಿದು ಹೊರಗೆ ಹೋಗಲೂಬೇಡಿ. ಒಳಗೇ ಇದ್ದು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಮನೆಯೊಳಗೇ ಕ್ಯಾಮೆರಾ ಹಾಕಿಸುವವರು ಈಗ ಜಾಸ್ತಿ. ನಾಪೋಕ್ಲು ಕಡೆಯ ಒಂದು ಮನೆಯಲ್ಲಿ ನಾನಿದ್ದಾಗಲೇ ಬೆಂಗಳೂರಿನಿಂದ ಮಗನ ಫೋನ್ ಬಂತು. "ಅಮ್ಮಾ, ಕ್ಯಾಮೆರಾ ಆಫ್ ಆಗಿದೆಯಲ್ಲಾ?" ಅವರು ನಿಧಾನವಾಗಿ ಹೇಳಿದರು, "ಆಫ್ ಆಗಿಲ್ಲ ಮಗಾ, ನಾನೇ ಟವೆಲ್ ಹಾಕಿದ್ದೀನಿ. ಕೂದಲು ಬಾಚಿಕೊಳ್ತಿದ್ದೆ." ಅವರ ಪರವಾಗಿ ನಾನು. ಜಗಲಿಗೆ, ಅಡುಗೆಮನೆಯ ಹಿಂಬಾಗಿಲಿಗೆ ಹಾಕಿ. ಕೋಣೆಯೊಳಗೆ ಬೇಡ. ಹಾಕಲೇಬೇಕು ಎಂದಿದ್ದರೆ ಅವರನ್ನು ಕೇಳಿ ಹಾಕಿ.

ಕ್ಯಾಮೆರಾವನ್ನು ಲೈನ್ ಮನೆಯ, ಅಂದರೆ ತೋಟದ ಕೆಲಸದವರು ಇರುವ ಸಾಲುಮನೆಯ, ಕಡೆಗೆ ತಿರುಗಿಸಿ ಕೊಡಿ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ, ಕೆಲಸ ಹೋದರೂ ಸರಿ. ಅಲ್ಲಿ ಹೆಂಗಸರು ಸ್ನಾನ ಮಾಡುವುದು, ಬಟ್ಟೆ ಬದಲಿಸುವುದು ಎಷ್ಟೋ ಕಡೆ ಅರೆಮುಚ್ಚಿದ ಜಾಗದಲ್ಲಿ. ಹೆಣ್ಣುಮಕ್ಕಳ ಅಂಥ ಖಾಸಗಿ ಹೊತ್ತನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯ ಮೇಲೆ. ಲೈನ್ ಮನೆಯವರಿಗೂ ಆ ಹಕ್ಕು ಇದೆ. ಹೋಮ್‌ಸ್ಟೇ ನಡೆಸುವವರು ಗೇಟಿಗೆ, ಪಾರ್ಕಿಂಗ್‌ಗೆ ಹಾಕಿ, "ಇಲ್ಲಿ ಕ್ಯಾಮೆರಾ ಇದೆ" ಎಂದು ಬೋರ್ಡು ಬರೆಯಿರಿ.

ಪಾಸ್‌ವರ್ಡ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅದೇ ಅದಕ್ಕೆ ಸಿಕ್ಕ ಬಾಗಿಲು. ನಮ್ಮ ದೇಶದಲ್ಲೂ ಭದ್ರತಾ ಪರೀಕ್ಷೆ ಪಾಸಾದ ಕ್ಯಾಮೆರಾ ಮಾತ್ರ ಮಾರಬೇಕು ಎಂಬ ನಿಯಮ 2025ರ ಏಪ್ರಿಲ್‌ನಿಂದ ಬಂದಿದೆ. ಕೊಳ್ಳುವಾಗ ಅಂಗಡಿಯವರನ್ನು ಕೇಳಿ. ಪಾಸ್‌ವರ್ಡ್ ಮಾತ್ರ ನೀವೇ ಬದಲಿಸಬೇಕು. ಮನೆತನದ ಹೆಸರಿನ ಮುಂದೆ 123 ಹಾಕುವುದು ಬೇಡ, ಊರಿಗೆಲ್ಲ ಗೊತ್ತಿರುತ್ತದೆ.

ಕೊನೆಗೆ ಮೆಮೊರಿ ಕಾರ್ಡು. ನೆಟ್ ಹೋದಾಗಲೂ ಹೆಚ್ಚಿನ ಕ್ಯಾಮೆರಾಗಳು ಒಳಗಿನ ಕಾರ್ಡಿಗೆ ಬರೆಯುತ್ತಲೇ ಇರುತ್ತವೆ. ಹಾಗಾಗಿ ಕ್ಲೌಡ್, ಅಂದರೆ ನೆಟ್ ಮೂಲಕ ಬೇರೆ ಕಡೆ ಉಳಿಸಿಡುವ ವ್ಯವಸ್ಥೆ, ಇದ್ದರೂ ಕಾರ್ಡು ಇರಲಿ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಎಡೆಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 22 ಜಿಬಿ ಆಗುತ್ತದೆ. 128 ಜಿಬಿ ಕಾರ್ಡು ಆರು ದಿನದೊಳಗೆ ತುಂಬಿ, ಹಳೆಯದನ್ನು ಅಳಿಸಿ ಮೇಲೆ ಬರೆಯಲು ಶುರು ಮಾಡುತ್ತದೆ. ಹತ್ತು ದಿನ ಮದುವೆ, ಮುಂಜಿ, ನೆಂಟರ ಮನೆ ಎಂದು ಸುತ್ತಿ ಬಂದು ಮೊದಲ ದಿನದ ಕಳ್ಳನನ್ನು ಹುಡುಕಿದರೆ ಅವನು ಅಳಿಸಿಹೋಗಿರುತ್ತಾನೆ. ಸಿಮ್ ಹಾಕುವ 4ಜಿ ಕ್ಯಾಮೆರಾಕ್ಕೂ ಇದೇ ಲೆಕ್ಕ. ಒಂದು ಗಂಟೆ ಲೈವ್ ನೋಡಿದರೆ ಹೆಚ್ಚುಕಮ್ಮಿ 1 ಜಿಬಿ ಖಾಲಿ.

ಕಳ್ಳತನ ಆದರೆ ವಿಡಿಯೋವನ್ನು ಅದೇ ದಿನ ಬೇರೆ ಕಡೆ ಇಳಿಸಿಕೊಳ್ಳಿ, ಆದರೆ ಮೂಲ ಕಾರ್ಡು ಹಾಗೇ ಇರಲಿ. ಕಾರ್ಡನ್ನು ಹೊರಗೆ ತೆಗೆದು ಹೊಸದು ಹಾಕಿಬಿಡಿ. ಕೋರ್ಟಿಗೆ ಹೋದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕಾಗುತ್ತದೆ, ಅದನ್ನು ಪೊಲೀಸರ ಹತ್ತಿರ ಕೇಳಿ ತಿಳಿದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಊರಿಗೆಲ್ಲ ಹಂಚಿದ ತುಣುಕು ಅಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ.

ಅದಕ್ಕೂ ಮೊದಲು ವಿಡಿಯೋದ ಮೂಲೆಯಲ್ಲಿ ಬರುವ ತಾರೀಕು, ಗಂಟೆ ಸರಿ ಇದೆಯಾ ನೋಡಿ. ಕರೆಂಟ್ ಹೋಗಿ ಬಂದು, ನೆಟ್ ಮಾತ್ರ ಬಾರದಿದ್ದರೆ ಎಷ್ಟೋ ಕ್ಯಾಮೆರಾಗಳ ಗಡಿಯಾರ 1970ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಮೊನ್ನೆ ರಾತ್ರಿ ಮೆಣಸು ಹೊತ್ತುಕೊಂಡು ಹೋದವನು 1970ರಲ್ಲಿ ಬಂದಿದ್ದ ಎಂದು ಸ್ಟೇಷನ್‌ನಲ್ಲಿ ಹೇಳುವುದು ಹೇಗೆ? ಆ್ಯಪ್ ತೆರೆದು, ಸಮಯದ ಸೆಟ್ಟಿಂಗ್‌ನಲ್ಲಿ ಭಾರತದ ಕಾಲಮಾನ ಇದೆಯಾ ಎಂದು ಇವತ್ತೇ ಒಮ್ಮೆ ನೋಡಿಬಿಡಿ.

ನಮಸ್ಕಾರ.