ಮಳೆಗಾಲದ ಕತ್ತಿಗೆ ಯಾವ ಎಣ್ಣೆ?

ಕೇಳುಗರಿಗೆಲ್ಲ ನಮಸ್ಕಾರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಅಡುಗೆಮನೆಯಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ. ರಾತ್ರಿ ತೊಳೆದಿಟ್ಟ ಕತ್ತಿಯ ಮೇಲೆ ಬೆಳಗ್ಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಸ್ಟೇನ್‌ಲೆಸ್ ಚಾಕುವಿನಲ್ಲಿ ಕ್ರೋಮಿಯಂ ಅಂಶ ಹೆಚ್ಚು, ಅದಕ್ಕೆ ಈ ಕಾಟ ಕಡಿಮೆ. ಕುಲುಮೆಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿಸಿದ ಮಾಂಸದ ಕತ್ತಿ, ಮೆಟ್ಟುಕತ್ತಿ, ಮಚ್ಚು, ಇವುಗಳಿಗೆ ಅಂಥ ರಕ್ಷಣೆ ಇಲ್ಲ. ಹರಿತ ಚೆನ್ನಾಗಿ ನಿಲ್ಲುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಎಣ್ಣೆ ಸವರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಯಾವ ಎಣ್ಣೆ ಅನ್ನುವಲ್ಲೇ ಹೆಚ್ಚಿನವರು ಎಡವುವುದು.

ನಮ್ಮ ಅನೇಕ ಮನೆಗಳಲ್ಲಿ ಕೋವಿ ಇದೆ, ಅದಕ್ಕೆ ಹಾಕುವ ಎಣ್ಣೆಯೂ ಇದೆ. ಹೊಲಿಗೆ ಯಂತ್ರದ ಎಣ್ಣೆ, ತೋಟದ ಯಂತ್ರಗಳ ಎಂಜಿನ್ ಆಯಿಲ್ ಕೈಗೆ ಸಿಗುವಲ್ಲೇ ಇರುತ್ತವೆ. ತುಕ್ಕು ತಡೆಯುವುದರಲ್ಲಿ ಇವು ಗಟ್ಟಿಗ ಎಣ್ಣೆಗಳೇ. ಆದರೆ ಇವುಗಳಿಗೆ ಸೇರಿಸಿರುವ ರಾಸಾಯನಿಕಗಳು ಹೊಟ್ಟೆಗೆ ಹೋಗುವಂಥವಲ್ಲ. ಎಂಜಿನ್‌ನಿಂದ ಇಳಿಸಿದ ಕರಿ ಎಣ್ಣೆಯಲ್ಲಂತೂ ಲೋಹದ ಕಣಗಳೂ ಸೇರಿರುತ್ತವೆ. ತರಕಾರಿ, ಮಾಂಸ ಮುಟ್ಟುವ ಅಲಗಿಗೆ ಅವು ಬೇಡವೇ ಬೇಡ. ಆಮೇಲೆ ತೊಳೆದರಾಯಿತು ಅನ್ನಬೇಡಿ: ಅಲಗು ಹಿಡಿಯೊಳಗೆ ಸೇರುವ ಸಂದಿಯಲ್ಲಿ ಎಣ್ಣೆ ಇಳಿದು ಕೂತಿರುತ್ತದೆ, ಸೋಪು ಅಲ್ಲಿಗೆ ತಲುಪುವುದಿಲ್ಲ.

ಹಾಗಾದರೆ ಅಡುಗೆ ಎಣ್ಣೆ ಸಾಕಲ್ಲ? ಎಲ್ಲವೂ ಆಗುವುದಿಲ್ಲ. ಸೂರ್ಯಕಾಂತಿ ಮತ್ತು ಸೋಯಾ ಎಣ್ಣೆಗಳು ಗಾಳಿಯ ಆಮ್ಲಜನಕದೊಂದಿಗೆ ಬೇಗ ಸೇರಿಕೊಳ್ಳುತ್ತವೆ. ಮೊದಲು ಕಮಟು ವಾಸನೆ ಬರುತ್ತದೆ, ಆಮೇಲೆ ಹಳದಿಯ ಅಂಟು ಪದರ ಕಟ್ಟುತ್ತದೆ, ದೂಳು ಮತ್ತು ಮಸಿ ಅದಕ್ಕೆ ಮೆತ್ತಿಕೊಳ್ಳುತ್ತವೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳದೂ ಅದೇ ದಾರಿ, ಸ್ವಲ್ಪ ನಿಧಾನ ಅಷ್ಟೆ. ನೋಡಬೇಕೆಂದರೆ ಎರಡು ಹನಿ ಸೂರ್ಯಕಾಂತಿ ಎಣ್ಣೆಯನ್ನು ಒಂದು ಹಳೆಯ ಸ್ಟೀಲ್ ತಟ್ಟೆಗೆ ತೆಳ್ಳಗೆ ಸವರಿ, ಪಕ್ಕದಲ್ಲೇ ತೆಂಗಿನೆಣ್ಣೆ ಸವರಿ, ಒಲೆಯ ಹತ್ತಿರ ಕೆಲವು ವಾರ ಬಿಡಿ. ಬೆರಳಲ್ಲಿ ಮುಟ್ಟಿದರೆ ಒಂದು ಕಡೆ ಎಳೆದು ಹಿಡಿಯುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಹೀಗೆ ಅಂಟು ಕಟ್ಟಿದ ಕತ್ತಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಬಿಸಿನೀರಿನಲ್ಲಿ ಉಜ್ಜಿದರೆ ಬಿಡುತ್ತದೆ.

ಹಂದಿಯ ನೆಣ ಕರಗಿಸಿ ಹಚ್ಚುವವರೂ ಇದ್ದಾರೆ. ತಾಜಾ ನೆಣ ಕೆಲವು ದಿನಕ್ಕೆ ಸರಿ. ಉಪ್ಪು ಹಾಕಿದ ಮಾಂಸದ ನೆಣ ಮಾತ್ರ ಬೇಡ, ಉಪ್ಪು ತುಕ್ಕನ್ನು ಕರೆದು ತರುತ್ತದೆ.

ದಿನವೂ ಬಳಸುವ ಕತ್ತಿಗೆ ನನ್ನ ಆಯ್ಕೆ ತೆಂಗಿನೆಣ್ಣೆ. ಅದರ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 90 ಭಾಗ ಪರ್ಯಾಪ್ತ ಕೊಬ್ಬು, ಅಂದರೆ ಆಮ್ಲಜನಕದೊಂದಿಗೆ ಸುಲಭವಾಗಿ ಸೇರದ ಕೊಬ್ಬು, ಹಾಗಾಗಿ ಅಂಟು ಕಟ್ಟುವುದಿಲ್ಲ. ಆದರೆ ಅಡುಗೆಗೆಂದೇ ಮಾರುವುದನ್ನು ತನ್ನಿ, ಸುವಾಸನೆ ಹಾಕಿದ ತಲೆಗೂದಲ ಎಣ್ಣೆ ಬೇಡ. ಒಂದು ತೊಡಕಿದೆ: ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಮಳೆಗಾಲದಲ್ಲಿ ಅದು ಬಾಟಲಿಯಲ್ಲಿ ಗಟ್ಟಿಯಾಗೇ ಇರುತ್ತದೆ. ಗಟ್ಟಿ ಎಣ್ಣೆ ಉಜ್ಜಿದರೆ ಅಲ್ಲಲ್ಲಿ ಖಾಲಿ ಉಳಿದು, ಅಲ್ಲೇ ತುಕ್ಕು ಏಳುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಯೇ ಹಚ್ಚಿ. ಹಚ್ಚಿದ ಮೇಲೆ ಅಲಗಿನ ಮೇಲೆ ಬೆಳ್ಳಗೆ ಮಂಕು ಕಂಡರೆ ಗಾಬರಿ ಬೇಡ.

ವಾರಗಟ್ಟಲೆ ಮುಟ್ಟದೆ ಇಡುವ ಕತ್ತಿಗೆ ತೆಂಗಿನೆಣ್ಣೆಗಿಂತ ಒಳ್ಳೆಯದು ಲಿಕ್ವಿಡ್ ಪ್ಯಾರಾಫಿನ್, ಅಂದರೆ ಶುದ್ಧೀಕರಿಸಿದ ಖನಿಜ ಎಣ್ಣೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಮಟುವುದಿಲ್ಲ. ಬಾಟಲಿಯ ಚೀಟಿಯ ಮೇಲೆ ಐ.ಪಿ. ಎಂದಿರುವುದನ್ನು ನೋಡಿ, ಅದು ಔಷಧ ದರ್ಜೆಯ ಗುರುತು. ಮಲಬದ್ಧತೆಗೆ ಕೊಡುವ ಹಾಲಿನಂಥ ಬಿಳಿ ಟಾನಿಕ್ ಇದಲ್ಲ, ಅದರಲ್ಲಿ ನೀರೂ ಬೇರೆ ಔಷಧವೂ ಬೆರೆತಿರುತ್ತವೆ. ಬೇಬಿ ಆಯಿಲ್ ಮೂಲತಃ ಇದೇ ಆದರೂ ಅದರಲ್ಲಿ ಸುಗಂಧ ಹಾಕಿರುತ್ತಾರೆ, ಕತ್ತಿಗೆ ಬೇಡ.

ಈ ಪ್ಯಾರಾಫಿನ್‌ಗೆ ನಮ್ಮ ಊರಿನ ಜೇನುಮೇಣ ಸೇರಿದರೆ ಇನ್ನೂ ಗಟ್ಟಿಮುಟ್ಟಾದ ಲೇಪ ಆಗುತ್ತದೆ. 80 ಗ್ರಾಂ ಪ್ಯಾರಾಫಿನ್‌ಗೆ 20 ಗ್ರಾಂ ಶುದ್ಧ ಮೇಣ. ಮೇಣ ಕರಗುವುದು ಸುಮಾರು 63 ಡಿಗ್ರಿಯಲ್ಲಿ, ಆದ್ದರಿಂದ ನೇರ ಉರಿಯ ಮೇಲೆ ಇಡಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಬಟ್ಟಲು ಇಟ್ಟು ಎರಡನ್ನೂ ಕರಗಿಸಿ, ಕಲಕಿ, ಒಣಗಿದ ಅಗಲ ಬಾಯಿಯ ಡಬ್ಬಿಗೆ ಹುಯ್ಯಿರಿ. ತಣಿದಾಗ ಮುಲಾಮಿನ ಹದಕ್ಕೆ ಬರುತ್ತದೆ. ಎಣ್ಣೆ ನಿಧಾನವಾಗಿ ಅಂಚಿಗೆ ಇಳಿದು ಹೋಗುತ್ತದೆ, ಇದು ಹಚ್ಚಿದಲ್ಲೇ ನಿಲ್ಲುತ್ತದೆ. ಮರದ ಹಿಡಿಗೂ ಒಳ್ಳೆಯದು.

ಇನ್ನು ಹಚ್ಚುವ ಕ್ರಮ. ಎಷ್ಟು ಒಳ್ಳೆಯ ಎಣ್ಣೆಯಾದರೂ ಒದ್ದೆ ಅಲಗಿಗೆ ಹಚ್ಚಿದರೆ ನೀರನ್ನು ಒಳಗೆ ಮುಚ್ಚಿಟ್ಟ ಹಾಗೆ, ತುಕ್ಕು ಎಣ್ಣೆಯಡಿಯಲ್ಲೇ ಬೆಳೆಯುತ್ತದೆ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆಯಿರಿ, ಅದರಲ್ಲೂ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿರಸವೋ ನಿಂಬೆಹಣ್ಣೋ ತಾಗಿದ್ದರೆ ಕಾಯಬೇಡಿ. ಆಮ್ಲ ಉಕ್ಕನ್ನು ತಿನ್ನುತ್ತದೆ. ಆಮೇಲೆ ಅಲಗಿನ ಮೇಲೆ ಕುದಿನೀರು ಹುಯ್ದು, ಒಣಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಒಲೆಯ ಬಿಸಿ ತಾಗುವಲ್ಲಿ ಇಡಿ. ಬೆಚ್ಚಗಿನ ಉಕ್ಕಿನಲ್ಲಿ ಉಳಿದ ತೇವವೂ ಆರುತ್ತದೆ. ಆರಿಂಚಿನ ಅಲಗಿಗೆ ಎರಡು ಮೂರು ಹನಿ ಸಾಕು. ಹತ್ತಿಬಟ್ಟೆಗೆ ಎಣ್ಣೆ ಹಾಕಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ, ಬೆರಳು ಉಳಿಯುತ್ತದೆ. ಹಿಡಿಯ ಸಂದಿಗೆ ಒಂದು ಹನಿ ಬೇರೆಯಾಗಿ ಬಿಡಿ. ಕೊನೆಗೆ ಒಣಬಟ್ಟೆಯಲ್ಲಿ ಹೆಚ್ಚಿನದನ್ನು ತೆಗೆಯಿರಿ: ಅಲಗು ಮಿನುಗಬೇಕು, ಒದ್ದೆ ಕಾಣಬಾರದು. ಎಣ್ಣೆ ಹಚ್ಚಿದ ಮೇಲೆ ಬರಿಗೈಯಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತದೆ.

ಬಳಸಿದ ಕತ್ತಿಯ ಮೇಲೆ ನೀಲಿ, ಬೂದು ಬಣ್ಣ ಬಂದಿದ್ದರೆ ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ, ಅದೂ ಸ್ವಲ್ಪ ರಕ್ಷಣೆಯೇ. ಕೆಂಪು ಚುಕ್ಕೆ ಬಿದ್ದಿದ್ದರೆ ಜರಡಿ ಹಿಡಿದ ನುಣ್ಣನೆ ಬೂದಿಗೆ ಎಣ್ಣೆ ಸೇರಿಸಿ, ಬಟ್ಟೆಯಿಂದ ಉಜ್ಜಿ, ತೊಳೆದು ಒಣಗಿಸಿ ಮತ್ತೆ ಎಣ್ಣೆ ಹಚ್ಚಿ.

ಚರ್ಮದ ಒರೆಯೊಳಗೆ ಮಳೆಗಾಲ ಪೂರ್ತಿ ಕತ್ತಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ. ಲೇಪ ಹಚ್ಚಿ, ಒಣ ಹತ್ತಿಬಟ್ಟೆ ಸುತ್ತಿ ಬೇರೆಯಾಗಿಡಿ, ವಾರಕ್ಕೊಮ್ಮೆ ಬಿಚ್ಚಿ ನೋಡಿ. ಬಳಸುವ ಮುಂಚೆ ಸೋಪುನೀರಿನಲ್ಲಿ ಒಮ್ಮೆ ತೊಳೆದರೆ ಆಯಿತು.

ಸೆಪ್ಟೆಂಬರ್‌ನ ಕೈಲ್‌ಪೊಳ್ದಿಗೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ನಮ್ಮ ಸಾಂಪ್ರದಾಯಿಕ ಆಯುಧಗಳಾದ ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಪೂಜೆಗೆ ಇಡುವಾಗ ಗಂಧ, ಕುಂಕುಮ ಹಚ್ಚುತ್ತೇವೆ. ನೀರಿನಲ್ಲಿ ತೇಯ್ದ ಗಂಧ ಅಲಗಿಗೆ ಅಂಟಿಕೊಂಡು ಮೂರು ನಾಲ್ಕು ದಿನ ಉಳಿದರೆ ಅದರಡಿ ಗುಂಡಗೆ ಕುಳಿ ಬೀಳುತ್ತದೆ. ಪೂಜೆ, ಊಟ ಮುಗಿದ ಸಂಜೆಯೇ ಒದ್ದೆ ಬಟ್ಟೆಯಲ್ಲಿ ಅದನ್ನು ತೆಗೆದು, ಬಿಸಿಯಲ್ಲಿ ಆರಿಸಿ, ಮೇಣದ ಲೇಪ ಹಚ್ಚಿ ಇಡಿ. ನಮಸ್ಕಾರ.