ಸಿಡಿಲು ಬಡಿದರೆ ಬಲಿ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಹಳೆಯ ರೋಮಿನ ಲ್ಯಾಟಿನ್ ಭಾಷೆಯಲ್ಲಿ ‘ವಿರ್’ ಎಂದರೆ ಗಂಡಸು. ನಾವು ದಿನವೂ ಆಡುವ ‘ವೀರ’ ಪದಕ್ಕೆ ಅದು ದಾಯಾದಿ, ಎರಡರದ್ದೂ ಒಂದೇ ಬೇರು. ಪುರುಷನಿಂದ ಪೌರುಷ ಹುಟ್ಟಿದ ಹಾಗೆ, ಆ ವಿರ್‌ನಿಂದ ರೋಮನ್ನರ ‘ವಿರ್ಟುಸ್’ ಹುಟ್ಟಿತು. ಸದ್ಗುಣ, ಶೀಲ ಎಂಬ ಅರ್ಥಗಳೆಲ್ಲ ಅದಕ್ಕೆ ಕ್ರಮೇಣ ಅಂಟಿಕೊಂಡವು. ಮೊದಲಿಗೆ ಅದು ರಣದಲ್ಲಿ ಬೆನ್ನು ತೋರಿಸದವನ ಗುಣ. ಗಾಯವಿದ್ದರೆ ಎದೆಯ ಮೇಲಿರಬೇಕು, ಅಷ್ಟೇ. ತಮಾಷೆಯೆಂದರೆ, ಇಷ್ಟೊಂದು ಗಂಡಸುತನ ಹೊತ್ತ ಈ ಪದ ವ್ಯಾಕರಣದಲ್ಲಿ ಸ್ತ್ರೀಲಿಂಗ. ನಾಣ್ಯಗಳ ಮೇಲೂ ವಿರ್ಟುಸ್ ಶಿರಸ್ತ್ರಾಣ ತೊಟ್ಟ ದೇವಿಯೇ.

ಈ ದೇವಿಗೆ ಗುಡಿ ಕಟ್ಟಲು ಹೊರಟವನು ರೋಮಿನ ದಂಡನಾಯಕ ಮಾರ್ಕಸ್ ಕ್ಲಾಡಿಯಸ್ ಮಾರ್ಸೆಲಸ್. ಕ್ರಿ.ಪೂ. 222ರಲ್ಲಿ ಉತ್ತರ ಇಟಲಿಯ ಕ್ಲಾಸ್ಟಿಡಿಯಂನಲ್ಲಿ ಗಾಲ್ ಜನರ ದೊರೆ ವಿರಿಡೊಮಾರಸ್‌ನನ್ನು ಇವನು ಕೈಯಾರೆ ಕೊಂದ. ಕಾನ್ಸಲ್ ಪದವಿಯಲ್ಲಿದ್ದವನು, ಅಂದರೆ ವರ್ಷಕ್ಕೆ ಇಬ್ಬರಂತೆ ಆರಿಸಲಾಗುತ್ತಿದ್ದ ರೋಮಿನ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬ; ಹಿಂದೆ ನಿಂತು ಆಜ್ಞೆ ಕೊಡಬಹುದಿತ್ತು. ಕುದುರೆ ಏರಿ ತಾನೇ ಮುನ್ನುಗ್ಗಿದ. ಅದೇ ಯುದ್ಧದಲ್ಲಿ ಹರಕೆಯನ್ನೂ ಹೊತ್ತ: ಮರ್ಯಾದೆಯ ದೇವರು ಹೊನೋಸ್‌ಗೂ ವಿರ್ಟುಸ್‌ಗೂ ಒಂದು ಗುಡಿ.

ಹರಕೆ ತೀರಿಸುವ ಹೊತ್ತಿಗೆ ಪುರೋಹಿತರು ತಕರಾರು ತೆಗೆದರು. ಒಂದೇ ಗರ್ಭಗುಡಿಯಲ್ಲಿ ಇಬ್ಬರು ದೇವರು ಕೂಡದು. ನಾಳೆ ಅಲ್ಲಿಗೆ ಸಿಡಿಲು ಬಡಿದರೆ ಮುನಿದವರು ಯಾರು, ಶಾಂತಿ ಮಾಡಿಸಬೇಕಾದದ್ದು ಯಾರಿಗೆ? ಒಂದೇ ಬಲಿಯನ್ನು ಇಬ್ಬರಿಗೆ ಹಂಚುವ ಹಾಗೂ ಇಲ್ಲ. ನನಗೆ ಈ ಪುರೋಹಿತರ ಮೇಲೆ ಸ್ವಲ್ಪ ಪ್ರೀತಿಯೇ. ದೇವರ ವ್ಯವಹಾರದಲ್ಲೂ ಲೆಕ್ಕ ಚುಕ್ತಾ ಇರಬೇಕೆನ್ನುವವರು. ಕೊನೆಗೆ ವಿರ್ಟುಸ್‌ಗೆ ಬೇರೆಯೇ ಗುಡಿ ಎದ್ದಿತು, ಅವಸರವಸರವಾಗಿ. ಹೊನೋಸ್‌ನ ಹತ್ತಿರ ಹೋಗಬೇಕಾದರೆ ವಿರ್ಟುಸ್‌ನ ಗುಡಿಯನ್ನು ಹಾದೇ ಹೋಗಬೇಕಿತ್ತು ಎಂದು ಮುಂದಿನವರು ಹೇಳಿಕೊಂಡರು.

ಕ್ರಿ.ಪೂ. 208ರಲ್ಲಿ ಮಾರ್ಸೆಲಸ್ ಐದನೆಯ ಸಲ ಕಾನ್ಸಲ್. ವಯಸ್ಸು ಅರವತ್ತು ದಾಟಿತ್ತು. ಎದುರಿಗೆ ರೋಮಿನ ವೈರಿ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನ ಪಾಳೆಯ, ನಡುವೆ ಕಾಡು ತುಂಬಿದ ಒಂದು ಗುಡ್ಡ. ನೋಡಿ ಬರಲು ಸವಾರರನ್ನು ಕಳಿಸಿದ್ದರೆ ಸಾಕಿತ್ತು. ಮುದುಕ ತಾನೇ ಹೊರಟ, ಜೊತೆಗೆ ಇನ್ನೊಬ್ಬ ಕಾನ್ಸಲನನ್ನೂ ಮಗನನ್ನೂ ಕರೆದುಕೊಂಡು. ಮರಗಳ ಮರೆಯಲ್ಲಿ ಹ್ಯಾನಿಬಲ್‌ನ ಪಡೆಯ, ಉತ್ತರ ಆಫ್ರಿಕಾದ ನ್ಯುಮಿಡಿಯಾದ ಕುದುರೆ ಸವಾರರು ಹೊಂಚು ಹಾಕಿದ್ದರು. ಮಾರ್ಸೆಲಸ್ ಅಲ್ಲಿಯೇ ಸತ್ತ. ಮಗ ಗಾಯಗೊಂಡು ಪಾರಾದ. ಇತಿಹಾಸಕಾರ ಪಾಲಿಬಿಯಸ್ ಈ ಸಾವನ್ನು ಮೆಚ್ಚಲಿಲ್ಲ. ಇದು ದಂಡನಾಯಕ ಮಾಡುವ ಕೆಲಸವಲ್ಲ ಎಂದು ಕಟುವಾಗಿಯೇ ಬರೆದ. ಆದರೆ ಕ್ಲಾಸ್ಟಿಡಿಯಂನಲ್ಲಿ ಅವನು ಮಾಡಿದ್ದೂ ಅದೇ ತಾನೆ?

ವಿರ್ಟುಸ್‌ನ ಗುಡಿಯನ್ನು ಕ್ರಿ.ಪೂ. 205ರಲ್ಲಿ ಆ ಮಗನೇ ದೇವಿಗೆ ಅರ್ಪಿಸಿದ. ತಂದೆ ಹರಕೆ ಹೊತ್ತು ಹದಿನೇಳು ವರ್ಷವಾಗಿತ್ತು.